ಮಗ ಗಾಡಿ ಕೇಳಿದ, ನಾನು ಬೇಡ ಅಂದೆ: ನಮ್ಮ ಮನೆ ಒಪ್ಪೋಕೆ ಹಿಡಿದ ಒಂದೂವರೆ ವರ್ಷ



ಹೋದ ತಿಂಗಳು ಒಂದೇ ವಾರದಲ್ಲಿ ಎರಡು ಪ್ರಶ್ನೆ ಬಂದವು. ಒಂದು ಪುಣೆಯ ಹುಡುಗನದ್ದು: "ಅಂಕಲ್, ನನಗೆ 17 ವರ್ಷ. ಬೈಕ್ ಕೊಡಿಸಿ ಅಂತ ಮನೆಯಲ್ಲಿ ಹೇಗೆ ಒಪ್ಪಿಸಲಿ?" ಇನ್ನೊಂದು ಹೈದರಾಬಾದಿನ ಒಬ್ಬ ತಾಯಿಯದು: "ಬೈಕ್ ಬೇಕು ಅಂತ ಮಗ ಊಟ ಬಿಟ್ಟು ಕೂತಿದ್ದಾನೆ. ಬೇಡ ಅಂತ ಅವನನ್ನ ಹೇಗೆ ಒಪ್ಪಿಸಲಿ?" ಇಬ್ಬರಿಗೂ ಬೇರೆ ಬೇರೆ ಉತ್ತರ ಕೊಡೋಣ ಅಂತ ಪಾಯಿಂಟ್ ಬರೆದುಕೊಳ್ಳೋಕೆ ಕೂತೆ. ಬರೀತಾ ಬರೀತಾ ಎರಡೂ ಉತ್ತರ ಒಂದೇ ಆಗಿಬಿಟ್ಟವು. ಅದಕ್ಕೇ ಇವತ್ತಿನ ಮಾತು ಇಬ್ಬರಿಗೂ ಸೇರಿಸಿ.

ಉಪದೇಶ ಮಾಡಲ್ಲ. ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳ್ತೀನಿ. ನಡುನಡುವೆ ಕಾನೂನು, ವಿಮೆ, ಬ್ರೇಕು ಇವೆಲ್ಲ ಬರುತ್ತವೆ. ಅವು ತಿಳಿಯದೇ ಈ ಮಾತು ಮುಂದೆ ಹೋಗಲ್ಲ.

ನಾನು ಯಾಕೆ ಬೇಡ ಅಂದೆ

ನಾನು ಧಾರವಾಡದವನು. ಪುಣೆ ಕಡೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ಮನೆ ಚಿಖಲಿಯಲ್ಲಿ, ಕೆಲಸ ಚಾಕಣದ ಒಂದು ಕಾರ್ಖಾನೆಯಲ್ಲಿ. ಕೆಲಸ ಏನು ಅಂದ್ರೆ, ಬೈಕಿನ ಬ್ರೇಕ್ ಡಿಸ್ಕ್ ಅಳೆದು ಪಾಸ್ ಮಾಡೋದು. ದಪ್ಪ ಎಷ್ಟು, ಸಮತಟ್ಟಾಗಿದೆಯಾ, ತಿರುಗಿಸಿದರೆ ಓಲಾಡುತ್ತಾ, ಇದನ್ನೇ ದಿನಾ ನೋಡೋದು. ಬೇರೆಯವರ ಮಕ್ಕಳು ಓಡಿಸೋ ಗಾಡಿಗೆ ಬ್ರೇಕ್ ಪಾಸ್ ಮಾಡೋನು, ನನ್ನ ಮಗ ಗಾಡಿ ಕೇಳಿದಾಗ ಮಾತ್ರ ಒಂದೇ ಉಸಿರಲ್ಲಿ "ಬೇಡ" ಅಂದೆ.

ಆಗ ಅವನಿಗೆ ಹದಿನಾರೂವರೆ. ಹನ್ನೊಂದನೆಯ ತರಗತಿ. ಕಾಲೇಜು 11 ಕಿಲೋಮೀಟರ್ ದೂರ, ಎರಡು ಬಸ್ ಬದಲಿಸಬೇಕು, ಒಂದೂ ಕಾಲು ಗಂಟೆ. ಮೆಟ್ರೋ ನಮ್ಮ ಕಡೆ ಬರಲ್ಲ. ಅಂದರೆ ಅವನಿಗೆ ಗಾಡಿಯ ಅಗತ್ಯ ಇತ್ತು, ಬರೀ ಶೋಕಿ ಅಲ್ಲ. ಅದು ನನಗೂ ಗೊತ್ತಿತ್ತು.

ಅವನೂ ಸರಿಯಾದ ಜಾಗಕ್ಕೇ ಕೈ ಹಾಕಿದ. "ಅಪ್ಪಾ, ನೀವ ದಿನಾ ಎಷ್ಟೋ ಮಂದಿ ಗಾಡಿ ಬ್ರೇಕ್ ಪಾಸ್ ಮಾಡ್ತೀರಿ. ನಿಮ್ಮ ಬ್ರೇಕಿನ ಮ್ಯಾಲೆ ನಿಮಗ ನಂಬಿಕಿ ಇಲ್ಲೇನು?"

"ಬ್ರೇಕಿನ ಮ್ಯಾಲೆ ಐತಿ. ಹಿಡಿಯೋ ಕೈ ಮ್ಯಾಲೆ ಇಲ್ಲ" ಅಂದೆ.

ಮಾತಿಗೆ ಮಾತು ಕೊಟ್ಟೆ ಅಂತ ಆ ಕ್ಷಣ ನನಗೆ ಸಮಾಧಾನ ಆಯ್ತು. ಮಗ ಎದ್ದು ಹೋದ. ಆಮೇಲೆ ಎರಡು ತಿಂಗಳು ಮನೆಯಲ್ಲಿ ಶೀತಲ ಯುದ್ಧ.

ಕೆಲಸಕ್ಕೆ ಬಾರದ ನಾಲ್ಕು ಮಾತು

ಆ ಎರಡು ತಿಂಗಳಲ್ಲಿ ಅವನು ಏನೇನು ಪ್ರಯೋಗ ಮಾಡಿದ ಅಂತ ಕೇಳಿ. ಪ್ರಶ್ನೆ ಕೇಳಿದ ಹುಡುಗನಿಗೆ ಉಪಯೋಗಕ್ಕೆ ಬರುತ್ತೆ.

"ಎಲ್ಲಾರ ಹತ್ರಾನೂ ಐತಿ." ಇದನ್ನು ಕೇಳಿದ ತಕ್ಷಣ ಅಪ್ಪಂದಿರ ಕಿವಿ ಮುಚ್ಚಿಕೊಳ್ಳುತ್ತೆ. ಎಲ್ಲರ ಹತ್ತಿರ ಇದೆ ಅನ್ನೋದೇ ನಮ್ಮ ಭಯ. ಆ ಎಲ್ಲರೂ ಹೇಗೆ ಓಡಿಸ್ತಾರೆ ಅಂತ ದಿನಾ ರಸ್ತೆಯಲ್ಲಿ ನೋಡ್ತಾ ಇರ್ತೀವಿ.

"ನಾ ನಿಧಾನ ಓಡಸ್ತೀನಿ." ಇದು ಮಾತು, ಪುರಾವೆ ಅಲ್ಲ.

"ನನಗೇನೂ ಆಗಂಗಿಲ್ಲ." ಇದು ಎಲ್ಲಕ್ಕಿಂತ ಕೆಟ್ಟದ್ದು. ತನಗೇನೂ ಆಗಲ್ಲ ಅನ್ನೋನ ಕೈಗೇ ಯಾವ ತಾಯಿಯೂ ಚಾವಿ ಕೊಡಲ್ಲ.

ನಾಲ್ಕನೆಯದು ಉಪವಾಸ. ಅದರಿಂದ ಚಾವಿ ಬರಲ್ಲ, ಅಜ್ಜಿಯ ಫೋನ್ ಬರುತ್ತೆ.

ಹಾಗಂತ ನಮ್ಮ ಕಡೆಯ ಮಾತೇನು ಘನವಾಗಿರಲಿಲ್ಲ. "ಇನ್ನೂ ಸಣ್ಣವ ಅದಿ", "ಓದೂದು ಬಿಟ್ಟು ಗಾಡಿ ಅಂತ", "ಜಗತ್ತು ಸರಿ ಇಲ್ಲ". ಇದರಲ್ಲಿ ಒಂದಕ್ಕಾದರೂ ಮಗ ಉತ್ತರ ಕೊಡೋಕೆ ಆಗುತ್ತಾ? ಆಗಲ್ಲ. ಉತ್ತರ ಕೊಡೋಕೆ ಆಗದ ಹಾಗೆ ಬೇಡ ಅಂದರೆ, ಮಗ ವಾದ ಬಿಟ್ಟು ಗೆಳೆಯನ ಗಾಡಿ ಹತ್ತುತ್ತಾನೆ. ಹೈದರಾಬಾದಿನ ತಾಯಿಗೆ ನಾನು ಮೊದಲು ಹೇಳಬೇಕಾದ ಮಾತು ಇದೇ. ಬರೀ "ಬೇಡ" ಅಂದರೆ ಮಗ ಗಾಡಿ ಓಡಿಸೋದು ನಿಲ್ಲಲ್ಲ, ನಿಮಗೆ ಗೊತ್ತಾಗೋದು ಮಾತ್ರ ನಿಲ್ಲುತ್ತೆ.

ಮೊದಲು ಕಾನೂನು: 18 ಅಂದರೆ 18

ಇದರಲ್ಲಿ ರಾಜಿ ಇಲ್ಲ, ಆದ್ದರಿಂದ ಮೊದಲೇ ಮುಗಿಸಿಬಿಡೋಣ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಮೋಟಾರು ವಾಹನ ಓಡಿಸೋಕೆ 18 ತುಂಬಿರಬೇಕು. ಒಂದು ವಿನಾಯಿತಿ ಇದೆ: 50 ಸಿಸಿ ಮೀರದ ಎಂಜಿನ್ ಇರೋ ದ್ವಿಚಕ್ರ ವಾಹನವನ್ನು 16 ತುಂಬಿದವರು ಲೈಸೆನ್ಸ್ ಪಡೆದು ಓಡಿಸಬಹುದು. ಆದರೆ ಇವತ್ತು ಶೋರೂಮಿನಲ್ಲಿ ಸಿಗೋ ಸಾಮಾನ್ಯ ಪೆಟ್ರೋಲ್ ಸ್ಕೂಟರ್ 100 ಸಿಸಿ ದಾಟಿರುತ್ತೆ. "16ಕ್ಕೆ ಸ್ಕೂಟಿ ಓಡಿಸಬಹುದಂತೆ" ಅಂತ ಹುಡುಗರು ಹೇಳೋದು ಆ ಹಳೆಯ 50 ಸಿಸಿ ವಿನಾಯಿತಿ ಹಿಡಿದುಕೊಂಡು. ಅಮ್ಮನ ಸ್ಕೂಟರಿಗೆ ಅದು ಅನ್ವಯ ಆಗಲ್ಲ. ಗಂಟೆಗೆ 25 ಕಿಲೋಮೀಟರ್ ಒಳಗೆ ಓಡೋ, 250 ವ್ಯಾಟ್ ಒಳಗಿನ ಮೋಟಾರಿನ ಎಲೆಕ್ಟ್ರಿಕ್ ಗಾಡಿಗೆ ಲೈಸೆನ್ಸ್ ಬೇಡ, ಅದು ಬೇರೆ ಲೆಕ್ಕ.

2019ರ ತಿದ್ದುಪಡಿಯಲ್ಲಿ 199ಎ ಅನ್ನೋ ಕಲಂ ಸೇರಿತು. ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು ಅಂತ ಅದು ಭಾವಿಸುತ್ತೆ. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಮತ್ತೆ ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗಲ್ಲ. ಹುಡುಗರೇ, ಕೊನೆಯ ಸಾಲು ಇನ್ನೊಮ್ಮೆ ಓದಿ. ಹದಿನೇಳಕ್ಕೆ ಅವಸರ ಮಾಡಿದರೆ ಹದಿನೆಂಟಕ್ಕೆ ಸಿಗಬೇಕಾದದ್ದು ಇಪ್ಪತ್ತೈದಕ್ಕೆ ಹೋಗುತ್ತೆ.

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಆದದ್ದು ನಿಮಗೆ ನೆನಪಿರಬೇಕು. 17 ವರ್ಷದ ಹುಡುಗನ ಕೈಯಲ್ಲಿದ್ದ ಕಾರು ಗುದ್ದಿ, ಬೈಕಿನಲ್ಲಿದ್ದ ಇಬ್ಬರು ತರುಣ ಎಂಜಿನಿಯರುಗಳು ಸತ್ತರು. ಅವತ್ತು ಟೀವಿ ನೋಡ್ತಾ ನಾನು ಚಾವಿ ಕೊಟ್ಟ ಮನೆಯ ಬಗ್ಗೆ ಯೋಚಿಸಿದೆ. ನನ್ನ ಹೆಂಡತಿ, ಬೈಕಿನ ಮೇಲಿದ್ದ ಆ ಇಬ್ಬರ ಅವ್ವಂದಿರ ಬಗ್ಗೆ ಯೋಚಿಸಿದಳು. ಮಗ ಎರಡನ್ನೂ ಕೇಳಿಸಿಕೊಂಡ. ಆಮೇಲೆ ಅವನು ಹದಿನೆಂಟರ ಒಳಗೆ ಗಾಡಿ ಕೇಳಲಿಲ್ಲ.

ಅಂಜಿಕೆ ಯಾತರದು ಅಂತ ಕೇಳಿದ

ತಿರುವು ಬಂದದ್ದು ಒಂದು ಸಂಜೆ ಅಡುಗೆಮನೆಯಲ್ಲಿ. ಹೆಂಡತಿ ರೊಟ್ಟಿ ಬಡೀತಾ ಇದ್ದಳು. ಮಗ ಕಟ್ಟೆ ಮೇಲೆ ಕೂತು ಕೇಳಿದ, "ಅವ್ವಾ, ಗಾಡಿ ಅಂದ್ರ ನಿನಗ ಖರೇನ ಯಾತರ ಅಂಜಿಕೆ ಐತಿ? ನೀ ಹೇಳು. ನಾ ನಡುವ ಮಾತಾಡಂಗಿಲ್ಲ."

ಅವಳು ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು, "ರಾತ್ರಿ ಫೋನ್ ಬರೂದರ ಅಂಜಿಕೆ."

ಅವಳ ತಮ್ಮ 1999ರಲ್ಲಿ ಹೋದ. ಇಪ್ಪತ್ತೊಂದು ವರ್ಷ. ಹುಬ್ಬಳ್ಳಿಯಲ್ಲಿ ಕೆಲಸ ಮುಗಿಸಿ ಸಂಜೆ ಕತ್ತಲಲ್ಲಿ ಧಾರವಾಡಕ್ಕೆ ವಾಪಸ್ ಬರ್ತಿದ್ದ. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಟ್ರೇಲರ್ ನಿಂತಿತ್ತು. ಹಿಂದೆ ಕೆಂಪು ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ. ಹೆಲ್ಮೆಟ್ ಮನೆಯ ಗೂಟಕ್ಕೆ ನೇತಾಡ್ತಿತ್ತು. ಪಕ್ಕದ ಮನೆಯ ಫೋನಿಗೆ ಸುದ್ದಿ ಬಂತು, ಇವಳೇ ಓಡಿ ಹೋಗಿ ಎತ್ತಿದ್ದು. ಮಾಮಾ ಅಪಘಾತದಲ್ಲಿ ತೀರಿಕೊಂಡ ಅಂತ ಮಗನಿಗೆ ಗೊತ್ತಿತ್ತು. ಫೋನ್ ಎತ್ತಿದ್ದು ತನ್ನ ಅವ್ವ ಅಂತ ಗೊತ್ತಿರಲಿಲ್ಲ. ನಿಜ ಹೇಳಬೇಕಂದ್ರೆ ಹೆಲ್ಮೆಟ್ ಗೂಟಕ್ಕೆ ಇತ್ತು ಅನ್ನೋದು ನನಗೂ ಗೊತ್ತಿರಲಿಲ್ಲ.

ಮಗ ಕೊಟ್ಟ ಮಾತಿನಂತೆ ನಡುವೆ ಮಾತಾಡಲಿಲ್ಲ. "ನನಗ ಹಂಗ ಆಗಂಗಿಲ್ಲ" ಅಂತಲೂ ಅನ್ನಲಿಲ್ಲ. ಅವತ್ತು ರಾತ್ರಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ: ಕತ್ತಲು. ಹೆಲ್ಮೆಟ್. ನಿಂತ ಟ್ರೇಲರ್. ಫೋನ್. ನನ್ನ ಹತ್ತಿರ ಬಂದು ನನ್ನ ಪಟ್ಟಿಯನ್ನೂ ಕೇಳಿದ. ನಾನು ಹೇಳಿದೆ: ಬ್ರೇಕ್ ಹಿಡಿಯೋಕೆ ಬರಲ್ಲ, ಗೆಳೆಯರನ್ನು ಮೂರು ಮಂದಿ ಕೂರಿಸ್ತಿ, ಖರ್ಚು ಯಾರು ಕೊಡೋರು.

ನೋಡಿ, ಒಪ್ಪಿಸೋದರಲ್ಲಿ ಮುಖ್ಯವಾದ ಹೆಜ್ಜೆ ಇದು. "ಭಯ" ಅನ್ನೋದು ಒಂದೇ ದೊಡ್ಡ ಬಂಡೆ ಹಾಗೆ ಇದ್ದರೆ ಯಾರೂ ಅಲ್ಲಾಡಿಸೋಕೆ ಆಗಲ್ಲ. ಅದನ್ನು ಏಳು ಕಲ್ಲು ಮಾಡಿದರೆ ಒಂದೊಂದಾಗಿ ಎತ್ತಬಹುದು. ಕೆಲವು ಎತ್ತೋಕೆ ಆಗಲ್ಲ ಅಂತಲೂ ಗೊತ್ತಾಗುತ್ತೆ. ನಿಂತ ಟ್ರೇಲರಿಗೆ ದೀಪ ಹಚ್ಚೋದು ನನ್ನ ಮಗನ ಕೈಯಲ್ಲಿಲ್ಲ. ಹೆಲ್ಮೆಟ್, ವೇಗ, ಯಾವ ಹೊತ್ತಿಗೆ ಹೊರಡಬೇಕು ಅನ್ನೋದು ಇದೆ.

ಗಾಡಿಗಿಂತ ಮೊದಲು ಹೆಲ್ಮೆಟ್

ಮುಂದಿನ ಮೂರು ತಿಂಗಳು ಅವನು ಗಾಡಿ ಸುದ್ದಿ ತೆಗೆಯಲಿಲ್ಲ. ಕೆಳಗಿನ ಮನೆಯ ಇಬ್ಬರು ಮಕ್ಕಳಿಗೆ ಗಣಿತ ಹೇಳಿಕೊಟ್ಟು ಬಂದ ದುಡ್ಡಲ್ಲಿ ಒಂದು ಹೆಲ್ಮೆಟ್ ತಂದ. ಗಾಡಿ ಇಲ್ಲದೇ ಹೆಲ್ಮೆಟ್! ಇವಳು ನಕ್ಕಳು. ಅವನು ನನ್ನ ಆಕ್ಟಿವಾ ಹಿಂದೆ ಕೂರುವಾಗ ಅದನ್ನ ಹಾಕ್ಕೊಂಡ.

ಹೆಲ್ಮೆಟ್ ಬಗ್ಗೆ ಅವನು ಕಲಿತದ್ದನ್ನ ನಿಮಗೂ ಹೇಳ್ತೀನಿ. ಐಎಸ್‌ಐ ಗುರುತು ಮತ್ತು ಐಎಸ್ 4151 ಅನ್ನೋ ಸಂಖ್ಯೆ ಇರಬೇಕು. 2021ರ ಜೂನ್ 1ರಿಂದ ದ್ವಿಚಕ್ರ ಸವಾರರಿಗೆ ಈ ಪ್ರಮಾಣೀಕರಣ ಇಲ್ಲದ ಹೆಲ್ಮೆಟ್ ಮಾರೋದೇ ತಪ್ಪು. ಮುಖ ಪೂರ್ತಿ ಮುಚ್ಚೋದು ತಗೊಳ್ಳಿ. ಬೀಳುವಾಗ ಗದ್ದ, ದವಡೆ ಕೂಡ ನೆಲಕ್ಕೆ ಬಡಿಯುತ್ತೆ. ಹಾಕಿಕೊಂಡು ಎರಡೂ ಕೈಯಿಂದ ಆಚೀಚೆ ತಿರುಗಿಸಿ ನೋಡಿ. ಕೆನ್ನೆಯ ಚರ್ಮ ಅದರ ಜೊತೆ ಎಳೆದುಕೊಂಡು ಬರಬೇಕು. ಹೆಲ್ಮೆಟ್ ಮಾತ್ರ ತಿರುಗಿದರೆ ಅದು ಸಡಿಲ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಬಳಸಬಾರದು. ಒಳಗಿನ ಥರ್ಮೋಕೋಲಿನಂಥ ಪದರ ಒಮ್ಮೆ ಅಮುಕಿದರೆ ಮತ್ತೆ ಉಬ್ಬಲ್ಲ. ಪೆಟ್ಟನ್ನು ತಾನು ತಿಂದು ತಲೆ ಉಳಿಸೋದೇ ಅದರ ಕೆಲಸ.

ಅಂಕಿ ಬೇಕಾ? ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ವರದಿ ಪ್ರಕಾರ ಆ ವರ್ಷ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ನೂರಕ್ಕೆ 44 ಮಂದಿಗಿಂತ ಹೆಚ್ಚು ದ್ವಿಚಕ್ರದ ಮೇಲಿದ್ದವರು. ಹೆಲ್ಮೆಟ್ ಇಲ್ಲದೇ ಸತ್ತವರು 50,029. ಈ ಐವತ್ತು ಸಾವಿರದಲ್ಲಿ 14,337 ಜನ ಹಿಂದಿನ ಸೀಟಿನಲ್ಲಿ ಕೂತವರು. ಹೆಲ್ಮೆಟ್ ಹಾಕಿದರೆ ಸಾವಿನ ಸಾಧ್ಯತೆ ಸುಮಾರು ಶೇ. 42, ತಲೆಗೆ ಪೆಟ್ಟಾಗುವ ಸಾಧ್ಯತೆ ಸುಮಾರು ಶೇ. 69 ಕಡಿಮೆ ಆಗುತ್ತೆ ಅಂತ ಹಲವು ದೇಶಗಳ ಅಧ್ಯಯನ ಕೂಡಿಸಿ ನೋಡಿದವರು ಹೇಳ್ತಾರೆ. ನಮ್ಮ ಪುಣೆಯಲ್ಲಿ 2019ರ ಜನವರಿಯಲ್ಲಿ ಹೆಲ್ಮೆಟ್ ಕಡ್ಡಾಯದ ವಿರುದ್ಧ ಮೆರವಣಿಗೆಯೇ ನಡೆದಿತ್ತು. ಅಂಥ ಊರಲ್ಲಿದ್ದೀವಿ.

ಇಲ್ಲಿ ನಾನು ಸಿಕ್ಕಿಬಿದ್ದೆ. ಹಿಂದೆ ಕೂತ ಮಗ ಒಂದು ದಿನ ಸಿಗ್ನಲ್ಲಿನಲ್ಲಿ ಕೈ ಮುಂದೆ ಚಾಚಿ ನನ್ನ ಗದ್ದದ ಕೆಳಗೆ ಪಟ್ಟಿ ಹಾಕಿದ. "ಟಕ್" ಅಂತು. ಎಷ್ಟೋ ವರ್ಷದಿಂದ ನಾನು ಹೆಲ್ಮೆಟ್ ತಲೆ ಮೇಲೆ ಇಡ್ತಿದ್ದೆ, ಕಟ್ಟುತ್ತಿರಲಿಲ್ಲ. ಕಟ್ಟದ ಹೆಲ್ಮೆಟ್ ನಾನು ನೆಲ ಮುಟ್ಟೋ ಮೊದಲೇ ಹಾರಿ ಹೋಗುತ್ತೆ. ಅವನು ಏನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಕೈ ಮೇಲೆ ನಂಬಿಕೆ ಇಲ್ಲ ಅಂದಿದ್ದೆನಲ್ಲ, ಆ ಕೈಯೇ ನನ್ನ ಪಟ್ಟಿ ಹಾಕಿತ್ತು.

ಯಾವ ಗಾಡಿ: ಸಿಸಿ ನೋಡೋದಾ, ಬ್ರೇಕ್ ನೋಡೋದಾ

ಹದಿನೆಂಟು ಹತ್ತಿರ ಬಂದಾಗ ನಮ್ಮ ಮಾತು "ಬೇಕಾ ಬೇಡವಾ"ದಿಂದ "ಯಾವುದು" ಅನ್ನೋದಕ್ಕೆ ಬಂತು. ನನ್ನ ಮಾತು, 100 ಸಿಸಿ ಸಾಕು, ವೇಗ ಕಡಿಮೆ. ಅವನ ಮಾತು, 150–160 ಸಿಸಿ. ಶೋಕಿಗೆ ಅಂದುಕೊಂಡೆ. ಅವನು ಹೇಳಿದ ಕಾರಣ ನನ್ನ ಕಸುಬಿನದೇ.

2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆಲ್ಲ ಎಬಿಎಸ್ ಕಡ್ಡಾಯ ಆಯ್ತು. ಅದಕ್ಕಿಂತ ಚಿಕ್ಕವಕ್ಕೆ ಸಿಬಿಎಸ್ ಇದ್ದರೆ ಸಾಕು ಅಂತಾಯ್ತು. ಇವೆರಡರ ವ್ಯತ್ಯಾಸ ತಿಳಿಯದೇ ಜನ ಸಿಸಿ ನೋಡಿ ಕೊಳ್ತಾರೆ.

ಸಿಬಿಎಸ್ ಅಂದರೆ, ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದ್ದೂ ಸ್ವಲ್ಪ ಹಿಡಿಯುತ್ತೆ. ಒಳ್ಳೆಯದೇ. ಆದರೆ ಗಾಬರಿಯಲ್ಲಿ ಗಟ್ಟಿಯಾಗಿ ಹಿಡಿದರೆ ಚಕ್ರ ಪೂರ್ತಿ ನಿಂತುಬಿಡೋದನ್ನ ಅದು ತಡೆಯಲ್ಲ. ನಿಂತ ಚಕ್ರ ಉರುಳಲ್ಲ, ಜಾರುತ್ತೆ. ಹಿಂದಿನ ಚಕ್ರ ಜಾರಿದರೆ ಸಂಭಾಳಿಸಬಹುದು. ಮುಂದಿನದು ಜಾರಿದರೆ ಗಾಡಿ ಬಿತ್ತು ಅಂತಲೇ ಲೆಕ್ಕ. ಎಬಿಎಸ್‌ನಲ್ಲಿ ಚಕ್ರದ ಹತ್ತಿರ ಒಂದು ಸೆನ್ಸರ್ ಇರುತ್ತೆ. ಚಕ್ರ ನಿಲ್ಲೋ ಹಂತಕ್ಕೆ ಬಂತು ಅಂತ ಗೊತ್ತಾದ ಕೂಡಲೇ ಬ್ರೇಕಿನ ಒತ್ತಡ ಬಿಟ್ಟು ಹಿಡಿದು, ಬಿಟ್ಟು ಹಿಡಿದು ಮಾಡುತ್ತೆ, ಸೆಕೆಂಡಿಗೆ ಹಲವು ಸಲ. ಅಷ್ಟು ಬೇಗ ಮನುಷ್ಯರ ಬೆರಳಿಗೆ ಆಗಲ್ಲ. ಹೊಸದಾಗಿ ಕಲಿತವರು ಗಾಬರಿಯಾದಾಗ ಮಾಡೋ ತಪ್ಪು ಒಂದೇ, ಗಬಕ್ಕನೆ ಹಿಡಿಯೋದು. ಅವರಿಗೇ ಎಬಿಎಸ್ ಹೆಚ್ಚು ಬೇಕು.

ಹಾಗಂತ 200, 300 ಸಿಸಿ ತಗೋಬೇಕು ಅಂತಲ್ಲ. ತೂಕ ಹೆಚ್ಚು, ಎಳೆತ ಹೆಚ್ಚು, ಮೊದಲ ವರ್ಷಕ್ಕೆ ಅದು ಸಲ್ಲದು. ನಾವು ನಡುವೆ ಬಂದು ನಿಂತೆವು. ಮುಂದಿನ ಚಕ್ರಕ್ಕೆ ಎಬಿಎಸ್ ಇರೋ, 150ರ ಆಸುಪಾಸಿನ, ನೆಟ್ಟಗೆ ಕೂರೋ ಸಾದಾ ಗಾಡಿ. ಅದೂ ಸೆಕೆಂಡ್ ಹ್ಯಾಂಡ್. ಮೊದಲ ಗಾಡಿ ಒಮ್ಮೆಯಾದರೂ ಬಿದ್ದೇ ಬೀಳುತ್ತೆ, ಹೊಸದಕ್ಕೆ ಗೀರು ಬಿದ್ದರೆ ಹುಡುಗ ಮನೆಗೆ ಹೇಳೋಕೆ ಅಂಜುತ್ತಾನೆ.

ಟೇಪು ಹಿಡಿದು ಅಳೆದ ಭಾನುವಾರ

ಹದಿನೆಂಟು ತುಂಬಿದ ವಾರವೇ ಕಲಿಕಾ ಲೈಸೆನ್ಸಿಗೆ ಹಾಕಿದ. ನೆನಪಿಡಿ, ಗೇರ್ ಇಲ್ಲದ ಗಾಡಿಯ ಲೈಸೆನ್ಸ್ ಬೇರೆ, ಗೇರ್ ಇರೋದರದ್ದು ಬೇರೆ. ಸ್ಕೂಟರ್ ಲೈಸೆನ್ಸಿನಲ್ಲಿ ಬೈಕ್ ಓಡಿಸೋಕೆ ಬರಲ್ಲ. ಕಲಿಕಾ ಲೈಸೆನ್ಸ್ ಆರು ತಿಂಗಳು ನಡೆಯುತ್ತೆ, 30 ದಿನ ಆದ ಮೇಲೆ ಟೆಸ್ಟಿಗೆ ಹೋಗಬಹುದು. ಹಿಂದೆ ಮುಂದೆ ಕೆಂಪು "ಎಲ್" ಇರಬೇಕು. ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ.

ನನ್ನ ಜೊತೆ ಕೆಲಸ ಮಾಡೋರ ಹಳೇ 100 ಸಿಸಿ ಗಾಡಿ ಇಸಕೊಂಡು, ಇನ್ನೂ ಮನೆ ಏಳದ ಒಂದು ಪ್ಲಾಟಿಂಗ್‌ನ ಒಳರಸ್ತೆಯಲ್ಲಿ ಭಾನುವಾರ ಬೆಳಗ್ಗೆ ಆರಕ್ಕೆ ಹೋಗ್ತಿದ್ದೆವು. ಕ್ಲಚ್, ಗೇರ್ ಎಲ್ಲ ನಾಲ್ಕು ದಿನದಲ್ಲಿ ಬಂತು. ನನಗೆ ಬೇಕಾಗಿದ್ದು ನಿಲ್ಲಿಸೋದು. ಓಡಿಸೋದನ್ನ ಎಲ್ಲರೂ ಕಲಿಸ್ತಾರೆ, ನಿಲ್ಲಿಸೋದನ್ನ ಯಾರೂ ಕಲಿಸಲ್ಲ. ಕಾರ್ಖಾನೆಯ ಅಭ್ಯಾಸ, ಸುಣ್ಣದ ಕಡ್ಡಿ ಮತ್ತು 30 ಮೀಟರಿನ ಟೇಪು ಒಯ್ದಿದ್ದೆ. ಗೆರೆ ಎಳೆದೆ. 40ರ ವೇಗದಲ್ಲಿ ಬಂದು ಗೆರೆ ಮುಟ್ಟಿದ ಕೂಡಲೇ ಬ್ರೇಕ್ ಹಿಡಿಯಬೇಕು.

ಮೊದಲ ಸಲ ಹಿಂದಿನ ಬ್ರೇಕ್ ಮಾತ್ರ ತುಳಿದ. ಚಕ್ರ ಕಿರ್ರ್ ಅಂತ ಜಾರಿ 18 ಮೀಟರಿಗೆ ನಿಂತ. ಮುಂದಿನ ಬ್ರೇಕ್ ಹಿಡಿಯೋಕೆ ಅವನಿಗೆ ಅಂಜಿಕೆ, "ಮುಂದಿಂದ ಹಿಡಿದ್ರ ಪಲ್ಟಿ ಆಗ್ತೈತಿ" ಅಂತ ಗೆಳೆಯರು ಹೇಳಿದ್ದರು. ಅದು ಅರ್ಧ ಸತ್ಯ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತೆ. ಆಗ ನೆಲಕ್ಕೆ ಗಟ್ಟಿಯಾಗಿ ಒತ್ತಿಕೊಂಡಿರೋದು ಮುಂದಿನ ಟೈರು, ಹಿಂದಿನದು ಹಗುರ ಆಗುತ್ತೆ. ನಿಲ್ಲಿಸೋ ಶಕ್ತಿ ಬಹುಪಾಲು ಇರೋದು ಮುಂದೆಯೇ. ಗಬಕ್ಕನೆ ಹಿಂಡಬಾರದು, ಮೊದಲು ಮುಟ್ಟಿ ಆಮೇಲೆ ಬಿಗಿ ಮಾಡ್ತಾ ಹೋಗಬೇಕು. ಹ್ಯಾಂಡಲ್ ನೆಟ್ಟಗಿರಬೇಕು. ಮೂರು ಭಾನುವಾರ ಆದ ಮೇಲೆ ಎರಡೂ ಬ್ರೇಕ್ ಕೂಡಿಸಿ 12 ಮೀಟರಿಗೆ ನಿಂತ.

ಗಟ್ಟಿ ವೇಗದ್ದು ಗಾಡಿ ಮೇಲೆ ಮಾಡಲಿಲ್ಲ, ಕಾಗದದ ಮೇಲೆ ಮಾಡಿದೆವು. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತೆ. ಜೊತೆಗೆ ಕಣ್ಣಿಗೆ ಕಂಡು ಕೈ ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡ್ ಹಿಡಿಯಿರಿ. 40ರಲ್ಲಿ ಆ ಒಂದು ಸೆಕೆಂಡಿಗೆ 11 ಮೀಟರ್, ಬ್ರೇಕಿಗೆ 12, ಒಟ್ಟು 23. 60ರಲ್ಲಿ 17 ಮತ್ತು 27, ಒಟ್ಟು 44. 80ರಲ್ಲಿ 22 ಮತ್ತು 48, ಒಟ್ಟು 70 ಮೀಟರ್. ಇದು ಒಣ ರಸ್ತೆಯ ಲೆಕ್ಕ. ಒದ್ದೆಯಾದರೆ ಇನ್ನೂ ಜಾಸ್ತಿ, ಅದರಲ್ಲೂ ಮೊದಲ ಮಳೆಯಲ್ಲಿ ಧೂಳು, ಎಣ್ಣೆ ಕಲೆತು ರಸ್ತೆ ಸಾಬೂನಿನ ಹಾಗೆ ಆಗಿರುತ್ತೆ.

ಆ ಕಾಗದ ಊಟದ ಟೇಬಲ್ ಮೇಲಿತ್ತು. ಮಗ ಅದನ್ನು ಸುಮ್ಮನೆ ನೋಡ್ತಾ ಕೂತಿದ್ದ. ಆಮೇಲೆ ಮೆಲ್ಲಗೆ ಕೇಳಿದ, "ಮಾಮಾಗ ಎಷ್ಟ ದೂರ ಕಂಡಿರಬೇಕ್ರಿ ಅಪ್ಪಾ, ಕತ್ತಲದಾಗ?"

ನಾನು ಉತ್ತರ ಕೊಡಲಿಲ್ಲ. ದೀಪದ ಬೆಳಕು ಎಷ್ಟು ದೂರ ಬೀಳುತ್ತೋ ಅಷ್ಟರೊಳಗೆ ನಿಲ್ಲೋ ವೇಗ ಇರಬೇಕು ಅನ್ನೋ ನಿಯಮ ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ಒಳಗಿನಿಂದ ನನ್ನ ಹೆಂಡತಿ ಅಂದಳು, "ಹಿಂಗ ಲೆಕ್ಕ ಮಾಡಿ ಅವಗ ಯಾರೂ ತೋರಸಿದ್ದಿಲ್ಲ." ಅವತ್ತು ಅವಳು ಒಪ್ಪಿದಳು ಅಂತ ನನಗೆ ಅನ್ನಿಸುತ್ತೆ. "ಆಗ್ಲಿ" ಅಂತ ಬಾಯಲ್ಲಿ ಅಂದದ್ದು ಒಂದು ತಿಂಗಳ ಮೇಲೆ.

ಖರ್ಚು, ವಿಮೆ, ನಂಬರ್ ಪ್ಲೇಟ್

ಖರ್ಚಿನ ಲೆಕ್ಕ ಅವನೇ ಬರೆದ. ದಿನಕ್ಕೆ 22 ಕಿಲೋಮೀಟರ್, ತಿಂಗಳಿಗೆ 24 ದಿನ, ಒಟ್ಟು 528 ಕಿಲೋಮೀಟರ್. ಲೀಟರಿಗೆ 45 ಕಿಲೋಮೀಟರ್ ಹಿಡಿದರೆ ಹನ್ನೆರಡು ಲೀಟರಿಗೆ ಹತ್ತಿರ, 105 ರೂಪಾಯಿ ದರದಲ್ಲಿ 1,230 ರೂಪಾಯಿ. ಸರ್ವಿಸ್, ಟೈರು, ವಿಮೆ ತಿಂಗಳಿಗೆ ಹಂಚಿ 650. ಪೆಟ್ರೋಲು ಅರ್ಧ ಅವನದು ಅಂತಾಯ್ತು. ಗಣಿತದ ಟ್ಯೂಷನ್ ಇಬ್ಬರಿಂದ ನಾಲ್ವರಿಗೆ ಏರಿತು.

ವಿಮೆಯಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ಮಾತಿದೆ. ಕಡ್ಡಾಯ ಇರೋ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ "ಮಾಲೀಕ-ಚಾಲಕ"ನಿಗೆ ಮಾತ್ರ. ಗಾಡಿ ಅಪ್ಪನ ಹೆಸರಲ್ಲಿದ್ದು ಮಗ ಓಡಿಸಿದರೆ, ಮಗನಿಗೆ ಏನಾದರೂ ಆದಾಗ ಆ ವಿಮೆ ಅವನಿಗೆ ಅನ್ವಯ ಆಗಲ್ಲ. "ನನ್ನ ಹೆಸರಲ್ಲೇ ಇರ್ಲಿ, ಹಿಡಿತ ಇರುತ್ತೆ" ಅಂತ ನಾನೂ ಅಂದುಕೊಂಡಿದ್ದೆ. ಇದು ತಿಳಿದ ಮೇಲೆ ಗಾಡಿಯನ್ನು ಮಗನ ಹೆಸರಿಗೇ ಮಾಡಿಸಿದೆವು. ಸೆಕೆಂಡ್ ಹ್ಯಾಂಡ್ ತಗೊಂಡರೆ ಫಾರ್ಮ್ 29, 30 ತುಂಬಿ ಹೆಸರು ಬದಲಾಯಿಸಿ, ವಿಮೆಯನ್ನೂ ಹೆಸರಿಗೆ ಮಾಡಿಸಿಕೊಂಡು ಆಮೇಲೆ ಗಾಡಿ ಹತ್ತಿ. ಲೈಸೆನ್ಸ್ ಇಲ್ಲದವರು ಓಡಿಸಿ ಇನ್ನೊಬ್ಬರಿಗೆ ಗುದ್ದಿದರೆ, ವಿಮಾ ಕಂಪನಿ ಪರಿಹಾರ ಕೊಟ್ಟರೂ ಅದನ್ನು ಮಾಲೀಕರಿಂದ ವಸೂಲಿ ಮಾಡಬಹುದು. ಮನೆ ಮಾರೋ ಪರಿಸ್ಥಿತಿ ಬರಬಹುದು.

ಊರಿಂದ ದೂರ ಇರೋ ನಮ್ಮಂಥವರಿಗೆ ಇನ್ನೊಂದು. ಸೋದರಮಾವ ಫೋನ್ ಮಾಡಿ, "ಹುಬ್ಬಳ್ಳ್ಯಾಗ ನಾ ಕೊಡಸ್ತೀನಿ, ತಗೊಂಡು ಹೋಗ್ರಿ" ಅಂದರು. ಪ್ರೀತಿಯಿಂದಲೇ ಅಂದರು. ಆದರೆ ಕೆಎ ನಂಬರಿನ ಗಾಡಿಯನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ನೋಂದಣಿ ಮಾಡಿಸಲೇಬೇಕು. ಎನ್‌ಒಸಿ, ಇಲ್ಲಿಯ ತೆರಿಗೆ, ಅಲ್ಲಿಯ ತೆರಿಗೆ ವಾಪಸ್ ಕೇಳೋ ಅರ್ಜಿ, ಓಡಾಟ ಬಹಳ. ಎಲ್ಲಿ ಓಡಿಸ್ತೀರೋ ಅಲ್ಲೇ ಕೊಳ್ಳಿ. ಮಾವನಿಗೆ "ಹೆಲ್ಮೆಟ್ ಕೊಡಸ್ರಿ" ಅಂದ ಮಗ. ಅವ್ವನಿಗೆ ಒಂದು, ಹಿಂದೆ ಕೂರೋಕೆ.

ಫ್ರಿಜ್ ಮೇಲಿನ ಕಾಗದ

ಕೊನೆಗೆ ಒಂದು ಕಾಗದ ಬರೆದೆವು. ಮಗನ ಕಡೆ ಐದು ಸಾಲು: ಪಟ್ಟಿ ಕಟ್ಟದೇ ಚಾವಿ ತಿರುವಲ್ಲ. ಮೊದಲ ಆರು ತಿಂಗಳು ಕತ್ತಲಾದ ಮೇಲೆ ಓಡಿಸಲ್ಲ. ಮೊದಲ ವರ್ಷ ಹೈವೇ ಇಲ್ಲ. ಹಿಂದೆ ಒಬ್ಬರೇ, ಅವರಿಗೂ ಹೆಲ್ಮೆಟ್. ಗಾಡಿ ಬಿದ್ದರೆ ಅವತ್ತೇ ಮನೆಯಲ್ಲಿ ಹೇಳ್ತೀನಿ.

ನಾನು ಸಹಿ ಮಾಡೋಕೆ ಪೆನ್ ತೆಗೆದೆ. ಅವನು ತಡೆದ. "ನಿಮ್ಮ ಕಡೆ ಖಾಲಿ ಐತಿ." ಸರಿ, ನಮ್ಮ ಕಡೆ ಏನು? ಮೂರು ಸಾಲು ಅವನೇ ಹೇಳಿದ: ಬಿದ್ದು ಬಂದು ಹೇಳಿದರೆ ಮೊದಲು ಬೈಯಬಾರದು. ಅಪ್ಪನೂ ಪಟ್ಟಿ ಕಟ್ಟಬೇಕು. ಮೂರನೆಯದು, ಗಾಡಿ ಮೇಲಿರೋ ಹೊತ್ತಿಗೆ ಫೋನ್ ಮಾಡಬಾರದು.

"ಅವ್ವಾ, ನೀ ಫೋನ್ ಮಾಡಿದ್ರ ನಾ ಎತ್ತಂಗಿಲ್ಲ. ಆದ್ರ ಕಿಸೆದಾಗ ಅದು ಬಡಕೊಳ್ಳಾಕ ಹತ್ತಿದ್ರ ನನ್ನ ಲಕ್ಷ್ಯ ರಸ್ತೆ ಮ್ಯಾಲೆ ಇರಂಗಿಲ್ಲ. ನಾ ಹೊರಡಾಗ ಒಂದ ಮೆಸೇಜ್, ಮುಟ್ಟಿದ ಮ್ಯಾಲೆ ಒಂದ ಮೆಸೇಜ್. ನಡುವ ನೀ ತಡಕೋಬೇಕು."

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕಷ್ಟದ ನಿಯಮ ಇದೇ. ಯೋಚನೆ ಮಾಡಿ, ನಾವೆಲ್ಲ ಏನು ಮಾಡ್ತೀವಿ? ಹತ್ತು ನಿಮಿಷ ತಡ ಆದರೆ ಫೋನ್. ಎತ್ತಲಿಲ್ಲ ಅಂದರೆ ಮತ್ತೆ ಫೋನ್. ಮಗ ಓಡಿಸ್ತಾ ಇರೋ ಗಾಡಿ ಮೇಲೆ ನಮ್ಮ ಅಂಜಿಕೆಯನ್ನೂ ಹತ್ತಿಸಿ ಕೂರಿಸ್ತೀವಿ. ಮಕ್ಕಳು ಗಾಡಿ ಮೇಲೆ ಫೋನ್ ಎತ್ತೋದು ಯಾರಿಗಾಗಿ ಅಂತ ಒಮ್ಮೆ ಕೇಳಿ ನೋಡಿ. ಎಷ್ಟೋ ಸಲ ಅದು ಗೆಳೆಯರಿಗಲ್ಲ, ಮನೆಯವರಿಗೆ.

ಪುಣೆಯ ಹುಡುಗನಿಗೆ ನನ್ನ ಉತ್ತರ ಇದು: ಗಾಡಿ ಕೇಳಬೇಡ, ಅವರ ಅಂಜಿಕೆ ಏನು ಅಂತ ಕೇಳು. ಒಂದೊಂದಕ್ಕೂ ಮಾತಲ್ಲ, ಮಾಡಿ ತೋರಿಸು. ಹದಿನೆಂಟರವರೆಗೆ ನಿನಗೆ ಟೈಮ್ ಇದೆ, ಅದನ್ನ ಬಳಸಿಕೋ. ಹೈದರಾಬಾದಿನ ತಾಯಿಗೂ ಅದೇ: ಬೇಡ ಅನ್ನಿ, ಆದರೆ ಯಾಕೆ ಬೇಡ ಅಂತ ಪಟ್ಟಿ ಮಾಡಿ ಅವನ ಕೈಗೆ ಕೊಡಿ. ಪಟ್ಟಿ ಮುಗಿಸೋ ತಾಳ್ಮೆ ಅವನಿಗೆ ಇಲ್ಲದಿದ್ದರೆ ಗಾಡಿಗೆ ಇನ್ನೂ ಹೊತ್ತಿದೆ ಅಂತ ಅವನಿಗೇ ತಿಳಿಯುತ್ತೆ. ಮುಗಿಸಿದರೆ ನಿಮಗೂ ಒಂದಿಷ್ಟು ಧೈರ್ಯ ಬಂದಿರುತ್ತೆ. ಅಂಜಿಕೆ ಪೂರ್ತಿ ಹೋಗುತ್ತೆ ಅಂತ ನಾನು ಸುಳ್ಳು ಹೇಳಲ್ಲ. ನಮ್ಮ ಮನೆಯಲ್ಲಿ ಹೋಗಿಲ್ಲ.

ಹೋದ ಜೂನ್‌ನಲ್ಲಿ ಮೊದಲ ಮಳೆ ಜೋರಾಗಿ ಬಂದ ದಿನ ಮಗ ನಾಲ್ಕು ಗಂಟೆಗೆ "ಹೊಂಟೆ" ಅಂತ ಕಳಿಸಿದ್ದ. ನಾಲ್ಕೂವರೆಗೆ ಬರಬೇಕು. ಐದಾಯ್ತು, ಐದೂ ಹತ್ತಾಯ್ತು. ನಾನು ರಜೆ ಮೇಲಿದ್ದೆ, ಮನೆಯಲ್ಲೇ ಇದ್ದೆ. ಹೆಂಡತಿ ಬಾಲ್ಕನಿಯಲ್ಲಿ ಫೋನ್ ಹಿಡಿದು ನಿಂತಿದ್ದಳು. ಅವನ ನಂಬರ್ ತೆರೆದಿತ್ತು, ಹೆಬ್ಬೆರಳು ಮೇಲೆಯೇ ಇತ್ತು. ಒತ್ತಲಿಲ್ಲ. ಐದೂ ಹದಿನೈದಕ್ಕೆ ಮೆಸೇಜ್ ಬಂತು: "ಪೆಟ್ರೋಲ್ ಪಂಪಿನ್ಯಾಗ ನಿಂತೀನಿ. ಮಳಿ ನಿಂತ ಮ್ಯಾಲೆ ಬರ್ತೀನಿ." ಅವಳು ಕುರ್ಚಿ ಎಳೆದುಕೊಂಡು ಕೂತಳು. "ಚಹಾ ಇಡ್ಲೇನು?" ಅಂದೆ. "ಅವ ಬರ್ಲಿ ತಡೀರಿ" ಅಂದಳು.

ನಿಮ್ಮ ಮನೆಯ ಪಟ್ಟಿಯಲ್ಲಿ ಏನೇನಿದೆ ಅಂತ ಬರೆದು ತಿಳಿಸಿ. ಮುಂದಿನ ವಾರ ಮತ್ತೆ ಸಿಗೋಣ.